ವಧುವಿನ ಕಡೆಯ ಗುರಾಣಿ

ಬೆಂಕಿಪೊಟ್ಟಣದೊಳಗಿನ ಆ ಹತ್ತಿಯ ಚೂರನ್ನು ಅವತ್ತೇ ಒಲೆಗೆ ಹಾಕಿಬಿಡಬೇಕಿತ್ತು ಎಂದು ಇಲ್ವಾ ಎಂಬ ಹುಡುಗಿ ತನಗೆ ತಾನೇ ಒಪ್ಪಿಕೊಂಡಳು. ಹನ್ನೊಂದು ದಿನಗಳಿಂದ ಅದು ಅವಳ ಕೋಟಿನ ಒಳಜೇಬಿನಲ್ಲಿ, ದಿನಚರಿಯ ಪಕ್ಕದಲ್ಲಿ ಕೂತು, ಪ್ರಾತೊದಿಂದ ಫ್ಲಾರೆನ್ಸಿಗೆ, ಫ್ಲಾರೆನ್ಸಿನಿಂದ ಪ್ರಾತೊಗೆ ದಿನಕ್ಕೆರಡು ಸಲ ರೈಲಿನಲ್ಲಿ ಓಡಾಡುತ್ತಿತ್ತು. ಟಿಕೆಟ್ ತೋರಿಸಲು ಕೈಹಾಕಿದಾಗಲೆಲ್ಲ ಬೆರಳಿಗೆ ಮೊದಲು ತಾಕುವುದು ಅದೇ. ಕಡ್ಡಿಗಳಿಲ್ಲದ ಪೊಟ್ಟಣ, ಅಲ್ಲಾಡಿಸಿದರೂ ಸದ್ದಿಲ್ಲ; ಆದರೂ ಎದುರು ಸೀಟಿನ ಹೆಂಗಸು ತನ್ನ ಎದೆಯ ಕಡೆಗೇ ನೋಡುತ್ತಿದ್ದಾಳೆ ಅನ್ನಿಸಿ ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಒಳಗಿದ್ದದ್ದು ಅಕ್ಕಿಕಾಳಿನಷ್ಟು ಹತ್ತಿ, ಅದರ ತುದಿಯಲ್ಲಿ ಅಂಟಿದ ನೀಲಿ. ಐನೂರು ವರ್ಷದ ನೀಲಿ. ಯುದ್ಧಗಳು, ಗೆದ್ದಲು, ಕೊನೆಗೆ ಊರೊಳಗೇ ನುಗ್ಗಿದ ನದಿ, ಇವೆಲ್ಲ ಸೇರಿಯೂ ಕೀಳಲಾಗದ್ದನ್ನು ಕಿತ್ತವಳು ತಾನು, ಅದೂ ಎಂಜಲಿನಿಂದ. ಆ ದಿನದ ಪುಟದಲ್ಲಿ ‘ಇವತ್ತು ಒರೆಸಿದೆ’ ಎಂದಷ್ಟೇ ಬರೆದಿದ್ದಳು. ಏನನ್ನು ಎಂದು ಬರೆಯಲು ದಿನಚರಿಯ ಎದುರೂ ನಾಚಿಕೆಯಾಗಿತ್ತು.

ಗೊತ್ತಿಲ್ಲದೆ ಮಾಡಿದ್ದಾದರೆ ಒಂದು ಮಾತು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿ ಆರ್ದೆಂಗೊ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು: “ನೋಡು ಮಗು, ಮೊಟ್ಟೇಲಿ ಕಲಸಿದ ಬಣ್ಣಕ್ಕೆ ಒದ್ದೆ ತಾಗಿದ್ರೆ ಏನೂ ಆಗಲ್ಲ. ಹಳೇ ನೀಲಿಗೆ ಮಾತ್ರ ನೀರು ತೋರಿಸ್ಬೇಡ. ಅದನ್ನ ಅಂಟಲ್ಲಿ ಕಲಸಿರ್ತಾರೆ, ಎದ್ದು ಬಂದ್ಬಿಡತ್ತೆ.” ಅವಳು ತಲೆಯಾಡಿಸಿದ್ದಳು. ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ನೆನೆಸಿ, ಕೊಳೆ ಒರೆಸುವುದು ಆ ಕೆಲಸದ ಮನೆಯಲ್ಲಿ ಎಲ್ಲರೂ ಮಾಡುವ ಕೆಲಸ. ಎಂಜಲಿನಷ್ಟು ಮೃದುವಾಗಿ ಕೊಳೆ ತೆಗೆಯುವ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ದುರಸ್ತಿಗೆ ಬಂದ ಮದುವೆಪೆಟ್ಟಿಗೆಯ ಮೇಲೆ ಬರೆದಿದ್ದ ಗುರಾಣಿಯ ಕೆಳಗಿನ ಚೂಪು ತುದಿ ಪ್ರವಾಹದ ಕೆಸರಿನಿಂದ ಕಪ್ಪಾಗಿ ಹೋಗಿತ್ತು, ಅದು ನೀಲಿಯ ಭಾಗ ಎಂಬುದನ್ನು ಅವಳ ಕೈ ಮರೆಯಿತು. ಹತ್ತಿ ನೀಲಿಯಾಗಿ ಮೇಲೆದ್ದಾಗ ಮೊದಲು ಅವಳಿಗೆ ಬಂದದ್ದು ಭಯವಲ್ಲ, ಸುತ್ತ ಯಾರಾದರೂ ನೋಡಿದರೇ ಎಂಬ ಎಚ್ಚರ. ಯಾರೂ ನೋಡಿರಲಿಲ್ಲ. ಕಡಲೆಯಷ್ಟಗಲ ಮಾಸಿದ ಜಾಗಕ್ಕೆ ನೀರುಬಣ್ಣದ ನೀಲಿ ತಾಗಿಸಿ ಮುಚ್ಚಿದಳು. ಕೈ ನಡುಗಲಿಲ್ಲ. ಅದೇ ಈಗ ಹೆಚ್ಚು ಚುಚ್ಚುತ್ತಿದ್ದದ್ದು: ಅಷ್ಟು ಚೆನ್ನಾಗಿ ಮುಚ್ಚಿಡಲು ತನಗೆ ಬರುತ್ತದೆ ಎಂಬುದು.

ನಿಲ್ದಾಣದಿಂದ ನಡೆದು, ಸೇತುವೆ ದಾಟಿ, ಗಲ್ಲಿಯೊಳಗೆ ಇಳಿಯುವಾಗ ಮನೆಗಳ ಗೋಡೆಗಳ ಮೇಲೆ ನೀರು ಬಂದುಹೋದ ಗೆರೆ ಇನ್ನೂ ಇತ್ತು, ಅವಳ ತಲೆಗಿಂತ ಎರಡು ಮೊಳ ಮೇಲೆ. ನದಿ ಊರೊಳಗೆ ಬಂದು ಇದು ಮೂರನೆಯ ವಸಂತ. ಕೆಲಸದ ಮನೆಯ ಬಾಗಿಲಲ್ಲೇ ಇಸೊಲೀನಾ ಸಿಕ್ಕಿದಳು. ಮೂವತ್ತು ವರ್ಷದಿಂದ ಚಿನ್ನದ ರೇಕು ಅಂಟಿಸುವ ಕೆಲಸ ಅವಳದು. ಕೆಮ್ಮಿದರೂ ರೇಕು ಹಾರಿಹೋಗುವ ಕೆಲಸವಾದ್ದರಿಂದ ಒಳಗಿದ್ದಷ್ಟು ಹೊತ್ತೂ ಉಸಿರು ಬಿಗಿಹಿಡಿದು, ಹೊರಗೆ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಮಾತಾಡುತ್ತಿದ್ದಳು.

“ಬಾರಮ್ಮಾ ದೊತ್ತೊರೆಸ್ಸಾ! ಡಿಗ್ರಿ ಆದೋರೆಲ್ಲ ಹೀಗೇ ಗೋಡೆ ನೋಡ್ಕೊಂಡು ನಡೀತಾರಾ? ಇವತ್ತು ನಾಲ್ಕು ಗಂಟೆಗೆ ಪೆಟ್ಟಿಗೆ ಒಡತಿ ಕೊಂತೆಸ್ಸಾ ಬರ್ತಾರಂತೆ. ಮೇಸ್ತ್ರಿ ಬೆಳಗ್ಗೆನೇ ಗಡ್ಡ ಕೆರ್ಕೊಂಡು ಬಂದಿದಾರೆ. ಮದುವೆ ಗಂಡು ನೋಡ್ದಂಗಾಯ್ತು ನಂಗೆ.”

“ಇವತ್ತಾ?”

“ಇವತ್ತೇ ಕಣೇ. ಯಾಕೆ, ನಿನ್ನ ಮುಖ ಯಾಕೆ ಹಾಗೆ ಬಿಳಿಚಿಕೊಂಡಿತು? ಪೆಟ್ಟಿಗೇಲಿ ಹೆಣ ಗಿಣ ಸಿಕ್ತಾ?”

ಪೆಟ್ಟಿಗೆ ಕಿಟಕಿಯ ಕೆಳಗೆ, ಎರಡು ದಿಮ್ಮಿಗಳ ಮೇಲೆ ಕೂತಿತ್ತು. ಹುಡುಗಿಯೊಬ್ಬಳು ಗಂಡನ ಮನೆಗೆ ಹೊರಟಾಗ ಹಿಂದೆ ಹೊತ್ತು ತರುತ್ತಿದ್ದ ಪೆಟ್ಟಿಗೆ. ಒಬ್ಬಳು ಹೆಂಗಸು ಮಂಡಿ ಮಡಚಿ ಒಳಗೆ ಮಲಗಬಹುದಾದಷ್ಟು ದೊಡ್ಡದು. ಮುಂದಿನ ಹಲಗೆಯ ನಡುವೆ ಮದುವೆಯ ಮೆರವಣಿಗೆಯ ಚಿತ್ರ. ಬಿಳಿಯ ಕುದುರೆಯ ಮೇಲೆ ಕೂತ ವಧುವಿನ ಮುಖ ನದಿಯ ಪಾಲಾಗಿತ್ತು, ಕುದುರೆಯ ಮುಖ ಉಳಿದಿತ್ತು. ಚಿತ್ರದ ಎರಡು ಕೊನೆಗಳಲ್ಲಿ ಎರಡು ಮನೆತನಗಳ ಗುರಾಣಿ, ಒಂದೊಂದೂ ಗೇಣಗಲ. ನೋಡುವವರ ಎಡಕ್ಕೆ ಬಿಳಿಯ ಮೇಲೆ ಹಸಿರು ಓಕ್ ಮರ. ಬಲಕ್ಕೆ ನೀಲಿಯ ಮೇಲೆ ಮೂರು ಹಳದಿ ನಕ್ಷತ್ರ. ಅದು ರಿದೊಲ್ಫಾನಿ ಮನೆತನದ ಗುರುತು, ಆ ದೊರೆಮನೆಯ ಹಿರಿಯಾಕೆ ಕೊಂತೆಸ್ಸಾ ಒರ್ತೆನ್ಸಿಯಾ ಅವರ ಬಾಗಿಲ ಮೇಲೆ, ಉಂಗುರದ ಮೇಲೆ, ತಟ್ಟೆಗಳ ಹಿಂದೆ ಕೂಡ ಇದ್ದದ್ದು. ಓಕ್ ಮನೆಯ ಲುಕ್ರೇತ್ಸಿಯಾ ಎಂಬ ಹುಡುಗಿ ಐನೂರು ವರ್ಷದ ಹಿಂದೆ ಇದೇ ಪೆಟ್ಟಿಗೆಯೊಂದಿಗೆ ತಮ್ಮ ಮನೆಗೆ ಸೊಸೆಯಾಗಿ ಬಂದಳು ಎಂದು ಆ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬರುವ ತಿಂಗಳು ಪ್ರವಾಹದಲ್ಲಿ ಉಳಿದುಕೊಂಡ ವಸ್ತುಗಳ ಪ್ರದರ್ಶನ. ಅದರಲ್ಲಿ ಇದನ್ನು ‘ರಿದೊಲ್ಫಾನಿ ಪೆಟ್ಟಿಗೆ’ ಎಂಬ ಹೆಸರಿನಲ್ಲಿ ಇಡುವುದು, ಕೆಳಗೆ ಮೇಸ್ತ್ರಿಯ ಹೆಸರು ಬರೆಯುವುದು ಎಂದು ನಿಶ್ಚಯವಾಗಿತ್ತು. ಮೇಸ್ತ್ರಿಯ ಹೆಸರು ಯಾವ ಪ್ರದರ್ಶನದಲ್ಲೂ ಈವರೆಗೆ ಬಂದಿರಲಿಲ್ಲ.

ಎಡ ಬಲ. ಪೆಟ್ಟಿಗೆ ಬಂದ ದಿನವೇ ಇಲ್ವಾಳ ಕಣ್ಣು ಅಲ್ಲಿ ಎಡವಿತ್ತು. ಗುರಾಣಿಯ ಬಲವೆಂದರೆ ಅದನ್ನು ಹಿಡಿದು ಹಿಂದೆ ನಿಂತವನ ಬಲ, ನೋಡುವವರಿಗೆ ಅದು ಎಡ. ಆ ಗೌರವದ ಕಡೆ ಗಂಡಿನ ಮನೆಯದ್ದು, ಇನ್ನೊಂದು ಕಡೆ ಹೆಣ್ಣಿನ ಮನೆಯದ್ದು. ಹಾಗಾದರೆ ಇಲ್ಲಿ ಗಂಡು ಓಕ್ ಮನೆಯವನು. ನಕ್ಷತ್ರದ ಮನೆ ವಧುವಿನ ಕಡೆಗೆ ಹೇಗೆ ಬಂತು? ಕೇಳಬಹುದಿತ್ತು. ಕೇಳಲಿಲ್ಲ. ಕೇಳದೆ ಇರುವುದು ಅವಳಿಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು. ಪದವಿಯ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಇದೇ ಪೆಟ್ಟಿಗೆಗಳ ಗುರಾಣಿಗಳ ಮೇಲೆ ನಲವತ್ತು ಪುಟ ಬರೆದು ತಂದವಳ ಎದುರು, ಪ್ರಾಧ್ಯಾಪಕರು ಒಂದು ಚಿತ್ರ ಹಿಡಿದು, “ನಮ್ಮ ಬಲಕ್ಕಿರೋದು ವರನ ಮನೆಯದ್ದು, ಅಲ್ವಾ?” ಎಂದು ಕೇಳಿದ್ದರು. ತಪ್ಪು ಎಂದು ಅವಳಿಗೆ ಗೊತ್ತಿತ್ತು; ಅವಳ ಹನ್ನೆರಡನೆಯ ಪುಟದಲ್ಲೇ ಇತ್ತು. ಗೋಡೆಯ ಪಕ್ಕದ ಬೆಂಚಿನಲ್ಲಿ ಅಪ್ಪ ಕೂತಿದ್ದ, ಮದುವೆಯ ಸೂಟು ಹಾಕಿಕೊಂಡು, ಮಗಳ ಬಾಯನ್ನೇ ನೋಡುತ್ತ. “ಹೌದು,” ಅಂದಿದ್ದಳು. ಎಲ್ಲರೂ ಕೈಕುಲುಕಿದರು. ಅಪ್ಪ ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ, “ಏನು ಕೇಳಿದ್ರೂ ಪಟ್ ಅಂತ ಉತ್ತರ ಕೊಟ್ಲು ನನ್ನ ಮಗಳು” ಎಂದ.

ಅಪ್ಪನ ಕೆಲಸವನ್ನು ಅವಳು ಯಾರಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ಲೋಕದ ಎಲ್ಲ ಕಡೆಯ ಹರಕು ಉಣ್ಣೆ ಬಟ್ಟೆ ಮೂಟೆ ಮೂಟೆಯಾಗಿ ಪ್ರಾತೊಗೆ ಬರುತ್ತದೆ. ಅದರ ಗುಡ್ಡದ ನಡುವೆ ಕೂತು, ಹೊಲಿಗೆ ಬಿಚ್ಚಿ, ಗುಂಡಿ ಕಿತ್ತು, ಬಣ್ಣಕ್ಕೆ ಬಣ್ಣ ಬೇರೆ ಮಾಡುವುದು ಅವನ ಕೆಲಸ. ಅದನ್ನು ಮತ್ತೆ ಅರೆದು, ನೂತು, ಹೊಸ ಬಟ್ಟೆ ಮಾಡುತ್ತಾರೆ. ಕಣ್ಣುಮುಚ್ಚಿ ಬೆರಳಲ್ಲಿ ತಿಕ್ಕಿ, ಇದು ಕುರಿಯದ್ದು, ಇದು ಒಂಟೆಯದ್ದು, ಇದು ಸತ್ತವನ ಕೋಟು ಎಂದು ಹೇಳುತ್ತಿದ್ದ. ಕೊನೆಯದನ್ನು ಅವಳನ್ನು ಹೆದರಿಸಲು. ಕೊಂತೆಸ್ಸಾ ಮೊದಲ ಸಲ ಕೆಲಸದ ಮನೆಗೆ ಬಂದಾಗ ಅವಳನ್ನು ನೋಡಿ, “ಪ್ರಾತೊದವಳಾ? ಹಾಗಾದ್ರೆ ನಿಮ್ಮೋರೂ ಹರಕು ಬಟ್ಟೆಯೋರಾ?” ಎಂದು ಕೇಳಿದ್ದರು, ಕೆಟ್ಟ ಮನಸ್ಸಿನಿಂದಲ್ಲ, ನಗುತ್ತಲೇ. ಇಸೊಲೀನಾ ನಕ್ಕಿದ್ದಳು, ಮೇಸ್ತ್ರಿ ನಕ್ಕಿದ್ದರು. ಇಲ್ವಾ ಎಲ್ಲರಿಗಿಂತ ಜೋರಾಗಿ ನಕ್ಕು, “ಅಯ್ಯೋ ಇಲ್ಲ, ನಮ್ಮಪ್ಪಂದು ಬಟ್ಟೆ ವ್ಯಾಪಾರ” ಅಂದಿದ್ದಳು. ಅವತ್ತು ಸಂಜೆ ಮನೆಯಲ್ಲಿ ಅಪ್ಪ ಬೀನ್ಸಿನ ಸಾರಿಗೆ ರೊಟ್ಟಿ ಅದ್ದಿ ತಿನ್ನುವಾಗ ಅವನ ರೆಪ್ಪೆಯ ಮೇಲೆ ಉಣ್ಣೆಯ ಕೆಂಪು ಧೂಳು ಕೂತಿರುವುದನ್ನು ನೋಡಿ ಅವಳು ತಟ್ಟೆ ಬಿಟ್ಟು ಎದ್ದಿದ್ದಳು. “ಹೊಟ್ಟೆ ಸರಿಯಿಲ್ವೇನೇ?” ಎಂದು ಅಪ್ಪ ಕೇಳಿದ್ದ.

“ನಕ್ಷತ್ರಗಳು ಸ್ವಲ್ಪ ಹೊಳೀಲಿ, ವಾರ್ನಿಶ್ ಒಂದು ಕೈ ಎಳೆದುಬಿಡು ಊಟ ಆದ್ಮೇಲೆ,” ಎಂದು ಹೇಳಿ ಮೇಸ್ತ್ರಿ ಮಧ್ಯಾಹ್ನ ಮನೆಗೆ ಹೋದರು. ಇಸೊಲೀನಾ ಮೂಲೆಯ ಕಾಫಿ ಅಂಗಡಿಗೆ ಹೋದಳು. ವಾರ್ನಿಶ್ ಎಳೆದರೆ ಮುಗಿಯಿತು, ಕಡಲೆಯಷ್ಟಗಲದ ಸುಳ್ಳು ಗಾಜಿನೊಳಗೆ ಇಟ್ಟಂತೆ ಶಾಶ್ವತ. ಎಳೆಯುವ ಮೊದಲು ಒಮ್ಮೆ ನೋಡೋಣ ಎಂದು ಅವಳು ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಎದುರು ನೆಲದ ಮೇಲೆ ಕೂತಳು. ತಪ್ಪು ಮಾಡಿದವರು ತಪ್ಪಿನ ಜಾಗಕ್ಕೆ ಬಂದು ಕೂರುವಂತೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಅವಳು ತಾಗಿಸಿದ್ದ ಬಣ್ಣ ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಅವಳ ಕಣ್ಣು ಒಂದು ಬಿರುಕಿನ ಗುಂಟ ಹೋಯಿತು. ಹಳೆಯ ಚಿತ್ರವೆಂದರೆ ಬಿರುಕು ಇದ್ದದ್ದೇ. ಒಣಗಿದ ಕೆರೆಯ ತಳದಂತೆ ಬಣ್ಣ ಬಿಟ್ಟುಕೊಳ್ಳುತ್ತದೆ, ಆ ಸಂದಿನಲ್ಲಿ ಕಪ್ಪು ಕಾಣುತ್ತದೆ, ಇಲ್ಲವೇ ತಳದ ಬಿಳಿ. ಓಕ್ ಮರದ ಕಡೆ ಹಾಗೇ ಇತ್ತು. ಈ ಕಡೆ ಬಿರುಕಿನ ಒಳಗೆ ನೀಲಿ ಇತ್ತು. ಅವಳು ಕನ್ನಡಿ ಒರೆಸಿಕೊಂಡು ಮತ್ತೆ ನೋಡಿದಳು. ಬಿರುಕಿನ ಒಳಗೆ, ತಳದವರೆಗೆ, ಇಳಿದು ಒಣಗಿದ ನೀಲಿ. ಎಲ್ಲ ಬಿರುಕುಗಳಲ್ಲೂ.

ಬಿರುಕು ಬಿಡಲು ನೂರಾರು ವರ್ಷ ಬೇಕು. ಬಿರುಕಿಗೆ ಬಣ್ಣ ಇಳಿಯಬೇಕಾದರೆ ಬಿರುಕು ಮೊದಲೇ ಇರಬೇಕು. ಈ ನೀಲಿ ಬಳಿದವನ ಎದುರಿಗೆ ಆಗಲೇ ಒಂದು ಹಳೆಯ, ಬಿರಿದ ಗುರಾಣಿ ಇತ್ತು. ಇಲ್ವಾ ಈ ಮೂರು ವಾಕ್ಯಗಳನ್ನು ತುಟಿ ಅಲ್ಲಾಡಿಸಿ, ಸದ್ದಿಲ್ಲದೆ, ಮಗ್ಗಿ ಹೇಳಿಕೊಳ್ಳುವಂತೆ ಹೇಳಿಕೊಂಡಳು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಆ ಹತ್ತಿಯನ್ನು ಬಿಸಿಲಿಗೆ ಹಿಡಿದಳು. ಹನ್ನೊಂದು ದಿನ ಅವಳನ್ನು ಕೊಂದದ್ದು ಐನೂರು ವರ್ಷದ ನೀಲಿಯಲ್ಲ. ಯಾರೋ ಮುತ್ತಜ್ಜನ ಕಾಲದವನು, ಯಾರದೋ ಮಾತಿಗೆ, ಯಾರನ್ನೋ ಮೆಚ್ಚಿಸಲು, ಬೇರೆ ಮನೆತನದ ಗುರುತಿನ ಮೇಲೆ ಬಳಿದ ಅಗ್ಗದ ನೀಲಿ. ಅವನೂ ಮುಚ್ಚಿದ್ದ, ಅವಳೂ ಮುಚ್ಚಿದ್ದಳು, ಅವನದರ ಮೇಲೆ ಅವಳದು. ಅವನ ಕೈಯೂ ನಡುಗಿರಲಾರದು. ಆದರೆ ಅವನಿಗೆ ಎಡಬಲ ಗೊತ್ತಿರಲಿಲ್ಲ. ಎದುರು ನಿಂತು ತನ್ನ ಬಲಗೈಯ ಕಡೆಗೆ ದೊರೆಗಳ ನಕ್ಷತ್ರ ಇಟ್ಟು, ಗೌರವದ ಜಾಗದಲ್ಲಿಟ್ಟೆ ಎಂದು ಸಂತೋಷಪಟ್ಟಿರಬೇಕು. ಅವಳ ಪ್ರಾಧ್ಯಾಪಕರ ಹಾಗೆ. ಇಲ್ವಾಗೆ ನಗು ಬಂತು. ಖಾಲಿ ಕೋಣೆಯಲ್ಲಿ ತನ್ನ ನಗು ತನಗೇ ಕೇಳಿಸಿ ಬೆಚ್ಚಿ, ಮತ್ತೆ ನಕ್ಕಳು.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಮಾಡು ಎಂದಿರಲಿಲ್ಲ. ಹೊಸ ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು, ಗುರಾಣಿಯ ತುದಿಯಿಂದ ಒರೆಸತೊಡಗಿದಳು. ಉಂಗುರದ ಸುತ್ತಿನಷ್ಟು, ಆಮೇಲೆ ನಾಣ್ಯದಷ್ಟು. ಅಡಿಯಿಂದ ಕೆಂಪು ಬಂತು. ಮಂಕಾದ ಕೆಂಪಲ್ಲ, ಈಗಷ್ಟೇ ಹೆಚ್ಚಿದ ದಾಳಿಂಬೆಯ ಕೆಂಪು. ಬೆಳಕು ಕಾಣದೆ ಇದ್ದುದರಿಂದ ಮಾಸದೇ ಉಳಿದದ್ದು. ಮೊಟ್ಟೆಯ ಬಣ್ಣ, ಒದ್ದೆಗೆ ಹೆದರುವಂಥದ್ದಲ್ಲ. ಹತ್ತಿ ನೀಲಿಯಾಗುತ್ತಿತ್ತು, ಎಸೆಯುತ್ತಿದ್ದಳು, ಹೊಸದು ಸುತ್ತುತ್ತಿದ್ದಳು. ಬಾಯಿ ಒಣಗಿದಾಗ ಬೆಳಗಿನ ಕಿತ್ತಳೆಯನ್ನು ನೆನೆಸಿಕೊಂಡು ಎಂಜಲು ತರಿಸಿಕೊಂಡಳು. ಒಂದು ನಕ್ಷತ್ರ ಹೋಯಿತು. ಅದರ ಜಾಗದಲ್ಲಿ ಹಳದಿ ಮಣ್ಣಿನ ಬಣ್ಣದ, ಮೊಟ್ಟೆಯಾಕಾರದ ಏನೋ ಒಂದು, ಮೈತುಂಬ ಚಿಕ್ಕ ಚಿಕ್ಕ ಗೆರೆ. ಪೈನ್ ಕಾಯಿ ಅಂದುಕೊಂಡಳು. ಇನ್ನೂ ಒರೆಸಿದಾಗ ಅದರ ಬುಡದಿಂದ ಉದ್ದನೆಯ, ತೆಳ್ಳಗಿನ ಮೀಸೆಯಂಥ ಎಸಳುಗಳು ಎರಡೂ ಕಡೆಯಿಂದ ಮೇಲಕ್ಕೆ ಬಾಗಿ ಬಂದವು. ಪೈನ್ ಕಾಯಿಗೆ ಮೀಸೆಯಿಲ್ಲ. ಭೂತಗನ್ನಡಿ ಹಿಡಿದಳು. ಚಿತ್ರಕಾರ ಒಂದೊಂದು ಗೆರೆಯ ತುದಿಯನ್ನೂ ಕೂದಲೆಳೆಯ ಕುಂಚದಿಂದ ಕೆಳಕ್ಕೆ ಬಗ್ಗಿಸಿದ್ದ, ಕೊಕ್ಕೆಯ ಹಾಗೆ. ಅವಳ ಎಡಗೈಯ ಹೆಬ್ಬೆರಳು ತಾನಾಗಿ ಜುಮ್ಮೆಂದಿತು. ಅಜ್ಜಿಯ ಮೇಜಿನ ಕೆಳಗಿನ ಖಾನೆ. ದಾರದುಂಡೆಗಳ ನಡುವೆ ಕೈಹಾಕಿದರೆ ಚುಚ್ಚುತ್ತಿದ್ದ ಅದು. “ಅದಕ್ಕೆ ಕೈ ಹಾಕ್ಬೇಡ್ವೇ, ನಿಮ್ಮ ತಾತನ ಗಾರ್ಜೊ ಅದು.” ನದಿಯ ದಂಡೆಯಲ್ಲಿ ಬೆಳೆಯುವ ಮುಳ್ಳುಗಿಡದ ಒಣಗಿದ ತಲೆ, ನೇಯ್ದ ಉಣ್ಣೆ ಬಟ್ಟೆಯ ಮೇಲೆ ಅದನ್ನು ಎಳೆದೆಳೆದು ತಾತ, ತಾತನ ತಾತ, ಎಲ್ಲರೂ ನವಿರಾದ ಎಳೆ ಎಬ್ಬಿಸುತ್ತಿದ್ದರು. ಚಳಿಗಾಲದಲ್ಲಿ ಅಜ್ಜಿ ಹಳೆಯ ಕಂಬಳಿಯನ್ನು ಮಂಡಿಯ ಮೇಲೆ ಹರಡಿ ಅದರಿಂದ ಗೀರುತ್ತಿದ್ದಳು, ಕರ್ ಕರ್ ಎಂದು, ಕಂಬಳಿ ಬೆಕ್ಕಿನ ಮರಿಯಂತೆ ಮೈಯುಬ್ಬಿಸಿಕೊಳ್ಳುತ್ತಿತ್ತು. ಪರೀಕ್ಷೆಗೆ ಓದಿದ ಯಾವ ಪುಸ್ತಕದಲ್ಲೂ ಇಲ್ವಾ ಇದನ್ನು ಕಂಡಿರಲಿಲ್ಲ. ಇದನ್ನು ಗುರುತಿಸಲು ಪದವಿ ಬೇಕಿರಲಿಲ್ಲ, ಚುಚ್ಚಿಸಿಕೊಂಡ ಹೆಬ್ಬೆರಳು ಬೇಕಿತ್ತು.

ಅವಳು ಎದ್ದು, ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಬಂದಳು. ಕಾಲು ಎಲ್ಲಿಗೆ ಒಯ್ಯುತ್ತಿದೆ ಎಂದು ಕೇಳಲಿಲ್ಲ. ಬೀದಿಯ ಬದಿಯಲ್ಲಿ ನಿಂತು ತಿನ್ನುವುದೆಂದರೆ ಲೋಕವೆಲ್ಲ ತನ್ನ ದವಡೆ ನೋಡುತ್ತದೆ ಎಂದು ಹೆದರುತ್ತಿದ್ದವಳು ತಳ್ಳುಗಾಡಿಯವನ ಎದುರು ನಿಂತು, ಬೆಂದ ಹಸುವಿನ ಕರುಳು ತುಂಬಿದ ಬನ್ನು ಕೇಳಿದಳು. “ಹಸಿರು ಚಟ್ನಿ ಹಾಕ್ಲಾ, ಖಾರ ಹಾಕ್ಲಾ?” “ಎರಡೂ ಹಾಕಿ,” ಅಂದಳು. “ಓಹೋ, ಗೆದ್ದು ಬಂದೋರ ಹಸಿವು ಇದು,” ಎಂದು ಗಾಡಿಯವನು ನಕ್ಕ. ಸೇತುವೆಯ ಕಟ್ಟೆಗೆ ಒರಗಿ, ಮೊಣಕೈವರೆಗೆ ಸಾರು ಸುರಿಸಿಕೊಂಡು ತಿಂದಳು. ಕೆಳಗೆ ನದಿ ಏನೂ ಮಾಡದವಳಂತೆ ಹರಿಯುತ್ತಿತ್ತು. ನೀನೇ, ಎಂದು ಅವಳು ನದಿಗೆ ಹೇಳಿದಳು. ನೀನು ಬಂದು ಆ ವಾರ್ನಿಶ್ ಒಡೆಯದಿದ್ದರೆ ನನ್ನ ಎಂಜಲು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಬಿಳಿ ಕುದುರೆಯ ಮೇಲಿನ ಮುಖವಿಲ್ಲದ ಹುಡುಗಿಗೆ ಈಗ ಒಂದು ಮುಖ ಬರುತ್ತಿತ್ತು, ಅಗಲ ಕೆನ್ನೆ, ರೆಪ್ಪೆಯ ಮೇಲೆ ಧೂಳು. ಉಣ್ಣೆಯ ಕೆಲಸದವನೊಬ್ಬ ತನ್ನ ಕೈಯನ್ನು ಗೀರುತ್ತಿದ್ದ ಮುಳ್ಳನ್ನೇ ಗುರಾಣಿಯ ಮೇಲೆ ಬರೆಸಿ, ಮಗಳ ಹಿಂದೆ ಊರಿನ ನಡುಬೀದಿಯಲ್ಲಿ ಹೊರಿಸಿದ್ದ. ನಾಚಿಕೊಂಡಿರಲಿಲ್ಲ.

ವಾಪಸು ಬಂದಾಗ ಇಸೊಲೀನಾ ಪೆಟ್ಟಿಗೆಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಏನೇ ಇದು? ಒಂದು ನಕ್ಷತ್ರ ನುಂಗ್ಬಿಟ್ಟಿದೀಯ! ಊಟಕ್ಕೆ ಬೇರೇನೂ ಸಿಗ್ಲಿಲ್ವಾ?” ಅವಳ ಹಿಂದೆ ಮೇಸ್ತ್ರಿ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಇಲ್ವಾ ಅತ್ತುಬಿಡುತ್ತಿದ್ದಳು, ಅತ್ತಿದ್ದರೆ ಎಲ್ಲ ಮುಗಿಯುತ್ತಿತ್ತು. ಅವರು ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಅವಳು ಬಿರುಕನ್ನು ಬೆರಳಿಂದ ತೋರಿಸಿದಳು, ಅಷ್ಟೇ. ಅವರು ಒಂದೊಂದೇ ಬಿರುಕನ್ನು ಕಣ್ಣಲ್ಲೇ ಹಿಂಬಾಲಿಸಿದರು.

“ಇದು ನಂಗೆ ಕಾಣಿಸ್ಬೇಕಿತ್ತು,” ಅಂದರು ಕೊನೆಗೆ. “ಎರಡು ತಿಂಗಳಿಂದ ಕಣ್ಣೆದುರಿಗೇ ಇದೆ.” ಆಮೇಲೆ ಬಾಗಿಲ ಕಡೆ ನೋಡಿ, ಸ್ವರ ತಗ್ಗಿಸಿ, “ಮುಚ್ಚು.”

“ಮೇಸ್ತ್ರಿ...”

“ಕೆಂಪು ಸತ್ಯ, ಒಪ್ದೆ. ಆದ್ರೆ ಕೆಂಪಿಗೆ ಪ್ರದರ್ಶನದಲ್ಲಿ ಜಾಗ ಇಲ್ಲ ಮಗು. ಅವರು ಇಟ್ಟಿರೋದು ರಿದೊಲ್ಫಾನಿ ಪೆಟ್ಟಿಗೆಗೆ ಜಾಗ. ಪೈನ್ ಕಾಯಿ ಪೆಟ್ಟಿಗೆಗಲ್ಲ. ಆ ಮುದುಕಿ ಇದನ್ನ ಕೆಸರಲ್ಲಿ ತಬ್ಕೊಂಡು ಕೂತಿದ್ರು, ಗೊತ್ತಾ ನಿಂಗೆ? ಅವರಿಗೆ ಹೋಗಿ ಏನಂತ ಹೇಳ್ತೀಯ? ನೀಲಿ ಕಲಸು. ಒಂದು ಗಂಟೆ ಇದೆ.”

“ಪಾಪ, ಕಲಸೇ,” ಎಂದಳು ಇಸೊಲೀನಾ, ಮೊದಲ ಸಲ ತಮಾಷೆಯಿಲ್ಲದೆ. “ನಮಗ್ಯಾಕೆ ದೊಡ್ಡೋರ ಮನೆ ವಿಷಯ.”

ಅವಳು ಕಲಸಿದಳು. ಗಾಜಿನ ಮೇಲೆ ನೀಲಿ, ಒಂದು ಚೂರು ಕಪ್ಪು, ಚೂರು ಹಸಿರು. ಎರಡೇ ಸಲಕ್ಕೆ ಅದೇ ನೀಲಿ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಷ್ಟು ಚೆನ್ನಾಗಿ ಬರುತ್ತದೆ ತನಗೆ. ಕುಂಚ ಅದ್ದಿದಳು. ಮುಳ್ಳಿನ ಕೊಕ್ಕೆಗಳ ಎದುರು ಅದನ್ನು ಹಿಡಿದು ಕೂತಳು. ಕುಂಚದ ತುದಿಯಲ್ಲಿ ನೀಲಿ ಗಟ್ಟಿಯಾಗುತ್ತ ಬಂತು, ಮತ್ತೆ ಅದ್ದಿದಳು, ಮತ್ತೆ ಗಟ್ಟಿಯಾಯಿತು. ಹೊರಗೆ ಕಲ್ಲುಹಾಸಿನ ಮೇಲೆ ಊರುಗೋಲಿನ ಸದ್ದು ಕೇಳಿದಾಗ ಕೆಂಪು ಹಾಗೇ ಇತ್ತು. ಮೇಸ್ತ್ರಿ ಒಂದು ನೋಟ ನೋಡಿ, ಗೋಡೆಯ ಮೊಳೆಯಿಂದ ಬಟ್ಟೆ ಎಳೆದು ಆ ಗುರಾಣಿಯ ಮೇಲೆ ಇಳಿಬಿಟ್ಟರು.

ಕೊಂತೆಸ್ಸಾ ಒರ್ತೆನ್ಸಿಯಾ ಸಣ್ಣ ಹೆಂಗಸು. ಎಂಬತ್ತರ ಹತ್ತಿರ, ಮೊಣಕೈ ಸವೆದ ಕೋಟು. ಕುರ್ಚಿ ಕೊಟ್ಟರೂ ಕೂರದೆ ನೇರ ಪೆಟ್ಟಿಗೆಯ ಹತ್ತಿರ ಹೋಗಿ, ಮುಚ್ಚಳದ ಮೇಲೆ ಅಂಗೈಯಿಟ್ಟರು, ಕುದುರೆಯನ್ನು ಸಮಾಧಾನ ಮಾಡುವಂತೆ.

“ವಾಸ್ನೆ ಹೋಗಿದೆ,” ಎಂದರು. “ಪ್ರವಾಹದ ನೀರಲ್ಲಿ ತೇಲಿ ಬಂದ ಸೀಮೆಎಣ್ಣೆ ವಾಸ್ನೆ ಬರ್ತಿತ್ತು ಎರಡು ವರ್ಷ. ನಾನು ಇದರ ಜೊತೇಲೇ ಮೂರು ದಿನ ಕೂತಿದ್ದೆ ಆರ್ದೆಂಗೊ, ಕರೆಂಟಿಲ್ಲ, ನೀರಿಲ್ಲ. ನನ್ನ ಮಗ ಬನ್ನಿ ಅಂತ ಕರೀತಿದ್ದ. ಲುಕ್ರೇತ್ಸಿಯಾನ ಬಿಟ್ಟು ಹೇಗೆ ಬರ್ಲಿ ಅಂದೆ. ಎಲ್ಲಿ, ನಕ್ಷತ್ರ ತೋರ್ಸಿ.”

“ವಾರ್ನಿಶ್ ಹಸಿ ಇದೆ, ಕೊಂತೆಸ್ಸಾ. ಧೂಳು ಕೂರುತ್ತೆ ಅಂತ ಮುಚ್ಚಿದೀವಿ.”

“ಓ.” ಅವರು ಓಕ್ ಮರದ ಕಡೆ ನೋಡಿದರು, ಬಟ್ಟೆಯ ಕಡೆ ನೋಡಿದರು. “ಒಂದು ಮಾತು ಕೇಳ್ಲಾ? ಈ ಮನೆಗೆ ಸೊಸೆಯಾಗಿ ಬಂದಾಗ ನಂಗೆ ಇಪ್ಪತ್ತು. ನಮ್ಮ ತೌರಲ್ಲೂ ಇಂಥ ಪೆಟ್ಟಿಗೆ ಇತ್ತು, ಅಪ್ಪ ಎಲ್ಲಾ ಹೇಳ್ಕೊಟ್ಟಿದ್ರು. ಇದನ್ನ ನೋಡಿದ ದಿನಾನೇ ಅತ್ತೇನ ಕೇಳ್ದೆ, ನಮ್ಮ ಗುರಾಣಿ ಹೆಣ್ಣಿನ ಕಡೆಗೆ ಯಾಕಿದೆ ಅಂತ. ಅತ್ತೆ ಏನಂದ್ರು ಗೊತ್ತಾ? ‘ಹೊಸ ಸೊಸೆ ಬಾಗಿಲು ನೋಡ್ಬೇಕು, ಗೋಡೆ ನೋಡ್ಬಾರದು’ ಅಂದ್ರು. ಆಮೇಲೆ ನಾನು ಕೇಳ್ಲೇ ಇಲ್ಲ. ಐವತ್ತೆಂಟು ವರ್ಷ.” ನಕ್ಕರು, ಆದರೆ ಕಣ್ಣು ನಗಲಿಲ್ಲ. “ಯಾಕಿದೆ ಆರ್ದೆಂಗೊ?”

“ಚಿತ್ರ ಬರೆದೋನ ಕೈತಪ್ಪು ಇರ್ಬೇಕು, ಕೊಂತೆಸ್ಸಾ. ಹಾಗೆ ಆಗೋದುಂಟು.”

“ಆಗೋದುಂಟಾ?” ಅವರು ತಿರುಗಿದ್ದು ಇಲ್ವಾಳ ಕಡೆಗೆ. ಅವಳು ಕಿಟಕಿಗೆ ಒತ್ತಿಕೊಂಡು ನಿಂತಿದ್ದಳು, ಕೈಯಲ್ಲಿ ಇನ್ನೂ ಕುಂಚ. “ನೀನು ಓದಿದವಳಲ್ವೇನಮ್ಮಾ. ನೀನು ಹೇಳು.”

ಮತ್ತೆ ಅದೇ ಪರೀಕ್ಷೆ, ಅದೇ ಪ್ರಶ್ನೆ. ಹೌದು ಎಂಬ ಸಣ್ಣ ಮಾತು ನಾಲಗೆಯ ತುದಿಯಲ್ಲಿ ಬಂದು ಕೂತಿತ್ತು, ಸಾಕಿದ ನಾಯಿಯಂತೆ. ಮೇಸ್ತ್ರಿ ಅವಳನ್ನು ನೋಡುತ್ತಿದ್ದರು. ಆ ನೋಟದಲ್ಲಿ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು, ಅದರ ಹಿಂದೆ ಇನ್ನೂ ಏನೋ, ತಮ್ಮ ಮಾತನ್ನು ಅವಳು ಮೀರಲಿ ಎಂಬಂಥದ್ದು. ಈ ಮುದುಕಿಯ ಗಂಟಲಲ್ಲೂ ಐವತ್ತೆಂಟು ವರ್ಷದಿಂದ ಒಂದು ಮುಳ್ಳಿದೆ ಎಂದು ಇಲ್ವಾಗೆ ಆಗ ಹೊಳೆಯಿತು. ಕುಂಚವನ್ನು ನೀರಿನ ಲೋಟಕ್ಕೆ ಹಾಕಿದಳು. ನೀರು ಮೆಲ್ಲಗೆ ನೀಲಿಯಾಯಿತು. ಮೂರು ಹೆಜ್ಜೆ ಇಟ್ಟು ಬಟ್ಟೆಯನ್ನು ಎಳೆದುಬಿಟ್ಟಳು.

ನಾಲ್ಕು ಗಂಟೆಯ ಬಿಸಿಲು ಆ ಕೆಂಪಿನ ಮೇಲೆ ನೇರ ಬಿತ್ತು. ಇಸೊಲೀನಾ ಚಿನ್ನದ ರೇಕಿನ ಎದುರು ನಿಂತವಳಂತೆ ಉಸಿರು ಹಿಡಿದಳು. ಕೊಂತೆಸ್ಸಾ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದರು. ಉಳಿದ ಎರಡು ನಕ್ಷತ್ರ, ಅವುಗಳ ಕೆಳಗೆ ಕೊಕ್ಕೆ ಮುಳ್ಳಿನ ಹಳದಿ ತಲೆ. ಅವರ ಮುಖದಲ್ಲಿ ಮೊದಲು ಏನೋ ಮುರಿಯಿತು, ಆಮೇಲೆ, ನಿಧಾನವಾಗಿ, ಇಪ್ಪತ್ತು ವರ್ಷದ ಸೊಸೆಯೊಬ್ಬಳು ಅಲ್ಲಿಂದ ಹೊರಗೆ ಇಣುಕಿದಳು.

“ಹಾಗಾದ್ರೆ ನಾನು ಕೇಳಿದ್ದು ಸರಿ ಇತ್ತು,” ಎಂದರು, ಯಾರಿಗೂ ಅಲ್ಲದಂತೆ. ಮತ್ತೆ, “ಇದೇನು? ಪೈನ್ ಕಾಯಾ?”

“ಹಾಗೇ ಕಾಣುತ್ತೆ...” ಎಂದು ಮೇಸ್ತ್ರಿ ಶುರುಮಾಡಿದರು.

“ಅಲ್ಲ,” ಎಂದಳು ಇಲ್ವಾ. ಅವಳ ಸ್ವರ ಅಂಗಳದವರೆಗೆ ಕೇಳಿಸಿತು. ಇಷ್ಟು ದೊಡ್ಡ ಸ್ವರ ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ.

“ನಿಂಗೆ ಹೇಗೆ ಗೊತ್ತು?”

“ಅದು ಉಣ್ಣೆ ಗೀರೋ ಮುಳ್ಳು, ಕೊಂತೆಸ್ಸಾ. ನಮ್ಮಪ್ಪ ಪ್ರಾತೊದಲ್ಲಿ ಹರಕು ಬಟ್ಟೆ ಆರಿಸ್ತಾರೆ. ಈ ಮುಳ್ಳು ನಮ್ಮನೇಲಿದೆ. ಈ ಹುಡುಗಿ ನಮ್ಮೋಳು.”